ಕೆಂಪು ದೀಪದ ಲೆಕ್ಕ

ಬ್ಲೂಮ್‌ಫಾಂಟೇನ್ ಅಂದರೆ ಹೂವಿನ ಒರತೆ.
ಫೆಬ್ರವರಿಯ ಒಂದು ವಾರ ಮಾತ್ರ ಆ ಹೆಸರು ನಿಜ:
ಹಾಸ್ಟೆಲಿನ ಊಟದ ಮನೆಯಲ್ಲಿ ಬೆಂಚು ಸರಿಸಿ
ಹೊಸಬರೆಲ್ಲ ನೆಲಕ್ಕೆ ಕೂತು
ತೆಳುಕಾಗದದ ಚೌಕ ಮಡಿಸಿ, ನಡುವೆ ಹಿಂಡಿ,
ತಂತಿಬಲೆಯ ಕಣ್ಣು ಕಣ್ಣಿಗೂ ಒಂದೊಂದು ಹೂ ತುರುಕುತ್ತೇವೆ.

ಮೆರವಣಿಗೆಯ ಲಾರಿಯ ಮೇಲೆ ಈ ಸಲ ತಿಮಿಂಗಿಲ.
ಸಮುದ್ರ ಕಾಣದ ಊರಿಗೆ ತಿಮಿಂಗಿಲ ಯಾಕೆ
ಅಂತ ಕೇಳಿದವಳು ನಾನೊಬ್ಬಳೇ.
"ದೊಡ್ಡದು, ಅದಕ್ಕೆ" ಅಂದಳು ಮೂರನೇ ವರ್ಷದ ಹೆಸ್ಟರ್,
ಬಾಯಲ್ಲಿ ಸೀಟಿ ಕಚ್ಚಿಕೊಂಡೇ.

ಎಂಟು ರಾತ್ರಿ.
ಬೆರಳಿನ ನೀಲಿ ಸೋಪಿಗೂ ಜಗ್ಗಲಿಲ್ಲ.
ಅಮ್ಮ ಫೋನಿನಲ್ಲಿ, "ಪುಸೆಲೆತ್ಸೊ, ಓದುತ್ತಿದ್ದೀಯಾ?"
"ಹೂಂ" ಅಂದೆ.
ಕೈಯಲ್ಲಿದ್ದದ್ದೂ ಹೂವೇ. ಪೂರ್ತಿ ಸುಳ್ಳಲ್ಲ.

ಶನಿವಾರ ಬೆಳಿಗ್ಗೆ ಹಳದಿ ಅಂಗಿ, ಕೆಂಪು ಟೇಪು ಸುತ್ತಿದ ಡಬ್ಬಿ.
ನನಗೂ ಹನ್ರುವಿಗೂ ಪೆಟ್ರೋಲ್ ಬಂಕಿನ ಮೂಲೆಯ ರೋಬೋ ಬಂತು
(ಸಿಗ್ನಲ್ ದೀಪಕ್ಕೆ ನಮ್ಮಲ್ಲಿ ಹಾಗೇ ಅನ್ನುವುದು).
ಅಲ್ಲಿ ಆಗಲೇ ಒಬ್ಬ ನಿಂತಿದ್ದ,
ಎದೆಗೆ ರಟ್ಟಿನ ತುಂಡು, ತಲೆಗೆ ಯಾರದೋ ಕಂಪನಿಯ ಟೋಪಿ.
"ಓಮ್ ಸಾರೆಲ್" ಅಂತ ತಾನೇ ಪರಿಚಯ ಮಾಡಿಕೊಂಡ,
ಕಚೇರಿಗೆ ಬಂದವರನ್ನು ಕೂರಿಸುವ ಸಾಹೇಬನ ಹಾಗೆ.

ನಮ್ಮ ಡಬ್ಬಿ ತಿರುಗಿಸಿ ಓದಿದ: "ಹಸಿದವರಿಗಾಗಿ."
ತನ್ನ ರಟ್ಟು ತೋರಿಸಿದ.
"ನಾನೂ ಅದನ್ನೇ ಬರೆದಿದ್ದೇನೆ. ನಿಮ್ಮದು ಅಚ್ಚು, ನನ್ನದು ಕೈಬರಹ."

ಕೆಂಪು ನಲವತ್ತೊಂದು ಸೆಕೆಂಡು, ಅಂದ.
ಮೊದಲ ಕಾರು ಬಿಟ್ಟುಬಿಡು, ಅದಕ್ಕೆ ಹೊರಡುವ ಆತುರ.
ಚಾಲಕನ ಮುಖ ನೋಡಬೇಡ,
ಹಿಂದಿನ ಸೀಟಿನ ಮಗುವನ್ನು ನೋಡು.
ನಾಲ್ಕನೆಯ ಕಾರಿಗೆ ತಿರುಗಿಬಿಡು. ಐದಕ್ಕೆ ಆಸೆಪಟ್ಟವರು
ಹಸಿರಿನಲ್ಲಿ ಸಿಕ್ಕಿಬೀಳುತ್ತಾರೆ.

ಹೇಳಿಕೊಟ್ಟ ಹಾಗೆಯೇ ನಡೆಯಿತು.
ಗಾಜುಗಳು ಸರ್ರನೆ ಇಳಿದವು, ನಗುಗಳು, ನೋಟುಗಳು,
"ನಮ್ಮ ಕಾಲದಲ್ಲಿ ನಾವೂ ಹೂ ಮಡಿಸಿದ್ದೆವು" ಅಂದ
ಬೆಳ್ಳಿಗೂದಲಿನ ಒಬ್ಬ ದಂತವೈದ್ಯ.
ಸಾರೆಲ್ ಬಂಕಿನ ಕಟ್ಟೆಯ ಮೇಲೆ ಕೂತು ನೋಡಿದ.
"ಹತ್ತು ವರ್ಷದಲ್ಲಿ," ಅಂದ, "ಈ ಕಾರುಗಳ ಒಳಗಿನ ವಾಸನೆ
ನನ್ನ ಮೂಗಿಗೆ ಬಂದದ್ದು ಇವತ್ತೇ."

ಮಧ್ಯಾಹ್ನ ಬಾಡಿಗೆ ಕೇಳಿದ.
ಜಾಗ ನನ್ನದು, ಇಪ್ಪತ್ತು ರಾಂಡ್, ಹೆಚ್ಚಲ್ಲ.
ಡಬ್ಬಿಗೆ ಟೇಪು. ನಮ್ಮ ಜೇಬಿನಲ್ಲಿ ಹಾಸ್ಟೆಲಿನ ಕೀಲಿ ಮಾತ್ರ.
ಹನ್ರು ತನ್ನ ಸಾಸೇಜ್ ಬನ್ನು ಕೊಟ್ಟ.
ಸಾರೆಲ್ ತಿಂದ, ಬಾಯೊರೆಸಿಕೊಂಡ,
"ಇದು ಊಟ. ಬಾಡಿಗೆ ಬೇರೆ."

ಆಮೇಲೆ ಮಳೆ. ಈ ಬಯಲುಸೀಮೆಯ ಮಳೆ
ಪೀಠಿಕೆ ಹಾಕುವುದಿಲ್ಲ.
ತಿಮಿಂಗಿಲ ಬೀದಿಯ ನಡುವೆ ನೀಲಿ ಕಾರಿತು,
ಎಂಟು ರಾತ್ರಿ ಚರಂಡಿಗೆ ಹರಿದವು,
ಉಳಿದದ್ದು ತಂತಿಯ ಪಕ್ಕೆಲುಬು,
ಒಳಗೆ ಕುಣಿಯುತ್ತಲೇ ಇದ್ದ ನಾಲ್ಕು ಹುಡುಗರು.

ರಾತ್ರಿ ಎಣಿಕೆ. ನಮ್ಮ ಡಬ್ಬಿಯಲ್ಲಿ
ಒಂಬೈನೂರ ಹನ್ನೆರಡು ರಾಂಡ್, ಒಂದು ಅಂಗಿಗುಂಡಿ.
ಖರ್ಚಿನ ಕಾಲಮ್ಮಿನಲ್ಲಿ ಬರೆದೆ:
ಜಾಗದ ಬಾಡಿಗೆ, ಇಪ್ಪತ್ತು.
ಹೆಸ್ಟರ್ ಗೆರೆ ಎಳೆದಳು. "ಧರ್ಮಕ್ಕೆ ಬಾಡಿಗೆ ಇಲ್ಲ."
ಚಪ್ಪಾಳೆ ಶುರುವಾಗಿತ್ತು, ನಾನೂ ತಟ್ಟಿದೆ.

ಸೋಮವಾರ ಟ್ಯಾಕ್ಸಿಯಲ್ಲಿ ಆ ಮೂಲೆ.
ಹದಿನೈದು ಜನರ ಮಧ್ಯೆ ಇಪ್ಪತ್ತರ ನೋಟು
ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದಿದ್ದೆ.
ಕೆಂಪು. ಗಾಜಿಗೆ ಹಣೆಯಿಟ್ಟು ಎಣಿಸಿದೆ.
ಸಾರೆಲ್ ಬಂದ, ಒಂದನ್ನು ಬಿಟ್ಟ,
ಎರಡು, ಮೂರು,
ನಾಲ್ಕಕ್ಕೆ ತಿರುಗಿದ.

ನಮ್ಮದು ಐದನೆಯದು.